ಮಾತಾಡಿದ ಲಗ್ನಪತ್ರಿಕೆ

ಕೋಡಿಹಳ್ಳಿಯ ಕೆಂಪಯ್ಯನಿಗೆ ಮಗಳ ಮದುವೆಯಲ್ಲಿ ಇದ್ದದ್ದು ಒಂದೇ ಕೊರಗು. ಲಗ್ನಪತ್ರಿಕೆ ಮೂಕವಾಗಿತ್ತು.

ಪತ್ರಿಕೆ ಅಂದರೆ ಕಾಗದದ್ದಲ್ಲ. ಕನಕಪುರದ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವ ಮಗಳು ನವ್ಯಶ್ರೀ ತನ್ನ ಮದುವೆಗೆ ತಾನೇ ಒಂದು ವೆಬ್ ಪೇಜ್ ಮಾಡಿದ್ದಳು. ಫೋನಿನಲ್ಲಿ ಲಿಂಕ್ ಒತ್ತಿದರೆ ಸಾಕು, ಗಂಡು ಹೆಣ್ಣಿನ ಫೋಟೋ, ಮುಹೂರ್ತ, ಛತ್ರಕ್ಕೆ ದಾರಿ ಎಲ್ಲವೂ ತೆರೆದುಕೊಳ್ಳುತ್ತಿದ್ದವು. ಆದರೆ ಬಾಯಿಬಿಟ್ಟು 'ಬನ್ನಿ' ಅನ್ನದಿದ್ದರೆ ಅದೆಂಥ ಕರೆ?

“ಅದ್ರೊಳಗೆ ನನ್ ದನಿ ಹಾಕವ್ವ,” ಅಂದ ಕೆಂಪಯ್ಯ.

“ರೆಕಾರ್ಡ್ ಮಾಡಿ ಕಳ್ಸಪ್ಪ. ಪೇಜಲ್ಲಿ ಒಂದು ಬಟನ್ ಇಡ್ತೀನಿ. ಒತ್ತಿದ್ರೆ ನೀನು ಮಾತಾಡ್ತೀಯ.”

“ನಿಮ್ಮಪ್ಪಂಗೆ ಮಾತಾಡಾಕೆ ಬಟನ್ ಯಾಕೆ? ನಿಲ್ಸಾಕೊಂದು ಇದ್ರೆ ಹಾಕು,” ಅಂದಳು ಹೆಂಡತಿ ಚಿಕ್ಕಲಕ್ಷ್ಮಮ್ಮ ಒಳಗಿನಿಂದ.

ಭಾನುವಾರ ಕೆಂಪಯ್ಯ ಸ್ನಾನ ಮಾಡಿ, ಬಿಳಿ ಅಂಗಿ ತೊಟ್ಟು (ದನಿಗೆ ಅಂಗಿ ಯಾಕೆ ಎಂದು ಹೆಂಡತಿ ಕೇಳಿದಳು) ಮಾವಿನ ಮರದ ಕೆಳಗೆ ನಿಂತ. “ಸಮಸ್ತ ಬಂಧು ಬಾಂಧವರ ಪಾದಾರವಿಂದಗಳಿಗೆ ಕೆಂಪಯ್ಯನ ಸಾಷ್ಟಾಂಗ ವಿಜ್ಞಾಪನೆ” ಎಂದು ಶುರುಮಾಡಿ, ಎಲ್ಲರನ್ನೂ ಸಕುಟುಂಬ ಸಪರಿವಾರ ಕರೆದು, ಫೋನನ್ನು ಪಕ್ಕಕ್ಕಿಟ್ಟ. ಹೆಂಡತಿ ತಂದ ಕಾಫಿ ಕುಡಿದ. ಅವಳ ಜೊತೆ ಅದೂ ಇದೂ ನಾಲ್ಕು ಮಾತಾಡಿದ. ಆಮೇಲೆ ಮಗಳಿಗೆ ಕಳಿಸಿದ. ಅವಳು ಮೊದಲ ಎರಡು ವಾಕ್ಯ ಕೇಳುವಷ್ಟರಲ್ಲಿ ಕಣ್ಣೊರೆಸಿಕೊಂಡು, ಪೇಜಿಗೆ ಸೇರಿಸಿ, ನೆಂಟರಿಷ್ಟರಿಗೆಲ್ಲ ಲಿಂಕ್ ಕಳಿಸಿಬಿಟ್ಟಳು.

ಕೆಂಪಯ್ಯ ತನ್ನ ಫೋನಿನಲ್ಲಿ ಬಟನ್ ಒತ್ತಿದ. ಗೆರೆ ಓಡಿತು, ಸೆಕೆಂಡು ಓಡಿತು, ದನಿ ಮಾತ್ರ ಇಲ್ಲ. ಸೌಂಡು ಪೂರ್ತಿ ಏರಿಸಿದ. ಫೋನನ್ನು ಅಂಗೈಗೆ ಕುಟ್ಟಿದ. ಕಿವಿಗೆ ಬೆರಳು ಹಾಕಿ ಅಲ್ಲಾಡಿಸಿದ.

“ನಂಗೆ ಚೆನ್ನಾಗಿ ಕೇಳಿಸ್ತದಲ್ಲಪ್ಪ,” ಅಂದಳು ಮಗಳು ಕನಕಪುರದಿಂದ.

ಹಾಗಾದರೆ ಕೆಟ್ಟಿರುವುದು ಫೋನೋ, ಕಿವಿಯೋ? ಇದು ತೀರ್ಮಾನವಾಗುವ ಮೊದಲೇ ಕಬ್ಬಾಳಿನಿಂದ ಭಾವಮೈದುನ ಕೆಂಪರಾಜುವಿನ ಫೋನು ಬಂತು.

“ಬಾವ, ಕೇಳ್ದೆ. ಮದ್ವೆಗೆ ಬತ್ತೀನಿ. ಆದ್ರೆ ಮನೇಲೇ ಉಂಡ್ಕಂಡು ಬತ್ತೀನಿ.”

“ಯಾಕ್ಲಾ? ಹೊಟ್ಟೆ ಸರಿ ಇಲ್ವಾ?”

“ಹೊಟ್ಟೆ ಸರಿಯಾಗೇ ಐತೆ. ಅದೇ ಅಲ್ವಾ ನಿಮ್ ಕಷ್ಟ!” ಫೋನು ಕಟ್ಟಾಯಿತು.

ತಲೆ ಬಿಸಿಯಾಗಿ ಕೆಂಪಯ್ಯ ಮಾರನೇ ದಿನ ಬಸ್ ಸ್ಟ್ಯಾಂಡಿನ ಬಳಿಯ ಟೀ ಅಂಗಡಿಗೆ ಹೋದ. ಅಂಗಡಿ ಚಿಕ್ಕಂದಿನ ಗೆಳೆಯ ದೇವರಾಜುವಿನದು. ಅವನು ಲೋಟವನ್ನು ಠಕ್ಕನೆ ಕುಕ್ಕಿದ.

“ಲೇ ಕೆಂಪ, ಗಡಿಯಾರ ಬ್ಯಾಡ ಅಂದ್ಮೇಲೆ ಏನ್ ತರ್ಲಿ? ಅದ್ನೂ ಹೇಳ್ಬುಡು.”

“ಯಾವ್ ಗಡಿಯಾರ್ಲಾ?”

“ಕೇಳಾದ್ ನೋಡು! ಏನೂ ಗೊತ್ತಿಲ್ಲ ಪಾಪ!”

ಟೀಗೆ ಸಕ್ಕರೆ ಹಾಕಿರಲಿಲ್ಲ. ಅಲ್ಲೇ ಬಸ್ಸಿಗೆ ಕಾಯುತ್ತಿದ್ದ ದೂರದ ನೆಂಟಳೊಬ್ಬಳು, “ನಿನ್ ಹೆಂಡ್ರು ಮಾತ್ರ ಅಪರಂಜಿ ಕಣಪ್ಪ,” ಅಂದು ಮುಖ ತಿರುಗಿಸಿದಳು. ಆ 'ಮಾತ್ರ' ಎಂಬ ಪದವನ್ನು ಕೆಂಪಯ್ಯ ದಾರಿಯುದ್ದಕ್ಕೂ ತಿರುಗಿಸಿ ಮುರುಗಿಸಿ ನೋಡಿದ. ಅರ್ಥವಾಗಲಿಲ್ಲ.

ಸಂಜೆ ಜಗಲಿಯಲ್ಲಿ ಕೂತು ಮತ್ತೆ ಬಟನ್ ಒತ್ತಿದ. ಇಲ್ಲ. ಇನ್ನೊಮ್ಮೆ ಒತ್ತಿದ. ಹಿತ್ತಲ ಕೊಟ್ಟಿಗೆಯಲ್ಲಿ ಬಕೀಟು ಉರುಳಿದ ಸದ್ದು. ಚಿಕ್ಕಲಕ್ಷ್ಮಮ್ಮ ಸೆರಗು ಎತ್ತಿ ಕಟ್ಟಿದಂತೆಯೇ ಓಡಿಬಂದು ಗಂಡನನ್ನು ನೋಡಿ ಗರಬಡಿದವಳಂತೆ ನಿಂತಳು.

“ನೀವ್ ಇಲ್ಲೇ ಇದ್ದೀರಾ? ಮತ್ತೆ ಕೊಟ್ಟಿಗೇಲಿ ಇರೋರ್ ಯಾರು?”

“ಹಸ ಐತೆ.”

“ಅದು ನಿಮ್ ದನೀಲಿ 'ಪಾದಾರವಿಂದ' ಅಂತೈತೆ ಕಣ್ರೀ!”

ಇಬ್ಬರೂ ಓಡಿದರು. ಹಾಡು ಕೇಳಿದರೆ ಹಸು ಹಾಲು ಜಾಸ್ತಿ ಕೊಡುತ್ತದೆಂದು ಯಾರೋ ಹೇಳಿದ್ದನ್ನು ನಂಬಿ, ಹೋದ ತಿಂಗಳು ಕೆಂಪಯ್ಯ ಕೊಟ್ಟಿಗೆಯ ತೊಲೆಗೆ ಒಂದು ಬ್ಲೂಟೂತ್ ಸ್ಪೀಕರ್ ನೇತುಹಾಕಿದ್ದ. ಫೋನು ಅದಕ್ಕೆ ಅಂಟಿಕೊಂಡೇ ಇತ್ತು. ಕರೆಗಳು ಕಿವಿಗೆ ಬರುತ್ತಿದ್ದವು, ಮಿಕ್ಕ ಸದ್ದೆಲ್ಲ ಕೊಟ್ಟಿಗೆಗೆ. ಎರಡು ದಿನದಿಂದ ಅವನ ವಿಜ್ಞಾಪನೆಯನ್ನು ಹಸುವೊಂದೇ ಸಕುಟುಂಬ ಸಪರಿವಾರವಾಗಿ ಕೇಳಿಕೊಂಡಿತ್ತು.

“ಅಬ್ಬ, ಕಿವಿ ಸರಿಯಾಗೈತೆ!” ಅಂತ ಕೆಂಪಯ್ಯ ಹಿಗ್ಗಿದ. ಅಷ್ಟರಲ್ಲಿ ವಿಜ್ಞಾಪನೆ ಮುಗಿಯಿತು. ಕಾಫಿ ಸೊರ್ರೆಂದಿತು. ಆಮೇಲೆ ತೊಲೆಯಿಂದ ಅವನದೇ ದನಿ ಇಳಿಯಿತು.

“ನಿನ್ ತಮ್ಮ ಕೆಂಪರಾಜು ಅವ್ನಲ್ಲ, ಮೂರು ಪಂಕ್ತಿ ಎದ್ದೋದ್ರೂ ಎಲೆ ಬುಟ್ಟು ಏಳಲ್ಲ.”

“ಹ್ಞೂಂ... ಓಗ್ಲಿ ಬುಡಿ,” ಹೆಂಡತಿಯ ದನಿ.

“ದೇವರಾಜು ಇನ್ನೇನ್ ತತ್ತಾನೆ? ಅದೇ ಗೋಡೆ ಗಡಿಯಾರ. ಆಗ್ಲೇ ಮೂರ್ ಕೊಟ್ಟವ್ನೆ. ಮೂರೂ ಒಂದೊಂದ್ ಟೈಮ್ ತೋರ್ಸ್ತವೆ.”

“ಹ್ಞೂಂ... ಓಗ್ಲಿ ಬುಡಿ.”

ಕೆಂಪಯ್ಯ ಫೋನನ್ನೇ ಆರಿಸಿಬಿಟ್ಟ.

“ನನ್ ತಮ್ಮನ್ ಮಾನ ಊರಿಗೆಲ್ಲ ಹಂಚ್ಬುಟ್ರಲ್ಲ!”

“ನೀನೂ ಹ್ಞೂಂ ಅಂದಿದ್ದೀಯಲ್ಲೇ!”

“ಬಾಯ್ತುಂಬ ಎಲೆಅಡಿಕೆ ಇತ್ತು. ಇಲ್ದಿದ್ರೆ ಅವತ್ತೇ ಬಿಡ್ತಿದ್ನಾ ನಿಮ್ಮ?” (ಅಪರಂಜಿಯ ಗುಟ್ಟು ಇಷ್ಟೇ.)

ಫೋನು ಮತ್ತೆ ಹಚ್ಚಿ ವಿಷಯ ತಿಳಿಸಿದಾಗ ನವ್ಯಶ್ರೀ ಎದೆ ಬಡಿದುಕೊಂಡು ಆಡಿಯೋ ತೆಗೆದುಹಾಕಿದಳು. “ಬೀಗ್ರಿಗೂ ಹೋಗೈತಾ ಮಗ?” ಎಂದು ಕೆಂಪಯ್ಯ ಮೆಲ್ಲಗೆ ಕೇಳಿದ.

“ಮೊದ್ಲು ಕಳ್ಸಿದ್ದೇ ಅವ್ರಿಗಪ್ಪ!”

ಬೀಗರ ಬಗ್ಗೆ ತಾನು ಏನಂದಿದ್ದೆ? ಎಷ್ಟು ಕೆದಕಿದರೂ ನೆನಪಾಗಲಿಲ್ಲ. ಹೆಂಡತಿಯ ಮುಖ ನೋಡಿದ. ಅವಳು ಹಸುವಿನ ಮುಖ ನೋಡಿದಳು. ಅಷ್ಟರಲ್ಲಿ ಗುಡೇಮಾರನಹಳ್ಳಿಯಿಂದ ಬೀಗರ ಫೋನು ಬಂದೇಬಿಟ್ಟಿತು. ಗಂಡಿನ ತಂದೆ ಮರಿಲಿಂಗೇಗೌಡರು ಗಟ್ಟಿ ಆಸಾಮಿ, ಮಾತು ಕಮ್ಮಿ.

“ಬೀಗ್ರೇ, ಪೂರ್ತಿ ಕೇಳ್ದೆ. ಮೂರ್ ಸಲ ಕೇಳ್ದೆ.”

ಕೆಂಪಯ್ಯ ಕೊಟ್ಟಿಗೆಯ ಕಂಬ ಹಿಡಿದುಕೊಂಡ.

“'ಗಂಡಿನ ಕಡೆಯೋರು ಇನ್ನೂರೇ ಜನ ಅಂದವ್ರೆ. ಮುನ್ನೂರಕ್ಕೆ ಒಬ್ಬ ಕಮ್ಮಿ ಬಂದ್ರೂ ಮೀಸೆ ಬೋಳಿಸ್ತೀನಿ' ಅಂದಿದ್ದೀರಿ.”

“ಅದು... ಗೌಡ್ರೇ... ಒಸಿ ಬಾಯ್ತಪ್ಪಿ...”

“ಛೆ ಛೆ, ಹಂಗನ್ಬ್ಯಾಡಿ. ನಾವ್ ನಿಜ್ವಾಗ್ಲೂ ಇನ್ನೂರೇ ಬರೋರಿದ್ದೋ. ಆದ್ರೆ ಧಾರೆ ಎರೆಯೋ ಹೊತ್ನಲ್ಲಿ ಹೆಣ್ಣಿನಪ್ಪ ಮೀಸೆ ಇಲ್ದೆ ನಿಂತ್ರೆ ನಮಗೇನು ಮರ್ವಾದೆ? ಅದ್ಕೇ ಮನೇವ್ರೆಲ್ಲ ಕೂತು ಮಾತಾಡ್ಕಂಡೋ. ನೀವೇನೂ ಯೋಚ್ನೆ ಮಾಡ್ಬ್ಯಾಡಿ. ನಾನೂರೈವತ್ತು ಜನ ಬತ್ತೀವಿ.”

ಫೋನು ಕಟ್ಟಾಯಿತು.

“ಏನಂದ್ರು?” ಕೇಳಿದಳು ಚಿಕ್ಕಲಕ್ಷ್ಮಮ್ಮ.

ಕೆಂಪಯ್ಯ ಮೀಸೆ ಸವರಿಕೊಂಡ.

“ಅಡಿಗೆಯೋರ್ಗೆ ಒಂದ್ ಫೋನ್ ಮಾಡೇ,” ಅಂದ.