ಮೀನಿನ ತೊಟ್ಟಿಯ ಕಾಲಡಿಯಿಂದ ಭಾಷ್ಯವನ್ನು ಬಿಡಿಸಿಕೊಡುವ ಬಗ್ಗೆ

ಇಂದ,
ತರ್ಕಶಾಸ್ತ್ರದ ಪಂಡಿತ,
ಗ್ರಂಥಸಂಪಾದನಾಲಯ, ಮೆಟ್ಟಿಲ ಕೆಳಗಿನ ಕೊಠಡಿ.

ಗೆ,
ಮಾನ್ಯ ನಿರ್ದೇಶಕರು,
ಸದರಿ ಆಲಯ, ಮೆಟ್ಟಿಲ ಮೇಲಿನ ಕೊಠಡಿ.

ವಿಷಯ: ತಾವು ಸ್ವಹಸ್ತದಿಂದ ನಿರ್ಮಿಸಿದ ಸ್ಟ್ಯಾಂಡಿನ ಮೋಟುಗಾಲಿನ ಕೆಳಗಿರುವ ನನ್ನ ಭಾಷ್ಯದ ಎರಡನೆಯ ಸಂಪುಟವನ್ನು ಹೊರತೆಗೆಯಲು ಅನುಮತಿ ಕೋರಿ.

ಉಲ್ಲೇಖ: "ಏನೂ ಆಗಲ್ಲ, ಸುಮ್ನಿರಿ" ಎಂಬ ತಮ್ಮ ಮೌಖಿಕ ಆದೇಶ, ಸೋಮವಾರ; ಅದರ ಪುನರುಚ್ಚಾರ, ಬುಧವಾರ.

ಮಾನ್ಯರೇ,

ಇಷ್ಟದೇವತೆಯನ್ನು ಸ್ಮರಿಸಿ ಈ ಕೆಳಕಂಡ ಅಂಶಗಳನ್ನು ತಮ್ಮ ಅವಗಾಹನೆಗೆ ತರಬಯಸುತ್ತೇನೆ.

೧. ತಾವು ರಜೆಯಲ್ಲಿ ಹಳೆಯ ಬೆಂಚುಗಳನ್ನು ಕೊಯ್ದು, ಯಾವ ಬಡಗಿಯ ಹಂಗಿಗೂ ಬೀಳದೆ, ಮೀನಿನ ತೊಟ್ಟಿಗೊಂದು ಸ್ಟ್ಯಾಂಡ್ ಮಾಡಿ ತಂದು ನಮ್ಮ ವಾಚನಾಲಯದಲ್ಲಿ ಸ್ಥಾಪಿಸಿದಿರಿ. ನಾಲ್ಕು ಕಾಲುಗಳಲ್ಲಿ ಮೂರು ಒಂದೇ ಎತ್ತರವಿದ್ದವು. ಅದು ಬಹುಮತವಾದ ಕಾರಣ ಸ್ಟ್ಯಾಂಡು ಸಮವಾಗಿದೆಯೆಂದು ಸಿಬ್ಬಂದಿ ಸಭೆ ಅಂಗೀಕರಿಸಿತು.

೨. ನೀರಿಗೆ ಸಭೆಯ ನಡಾವಳಿ ತಲುಪಿರಲಿಲ್ಲ. ಆದ್ದರಿಂದ ಅದು ಒಂದು ಮೂಲೆಯಲ್ಲಿ ಗಾಜಿನ ಅಂಚನ್ನು ಮುಟ್ಟಿ, ಎದುರು ಮೂಲೆಯಲ್ಲಿ ಎರಡು ಬೆರಳು ಕೆಳಗೆ ನಿಂತಿತು. ಲೆಕ್ಕಿಗರು, "ಸಾರ್, ನೀರು ಒಂಚೂರು ವಾಲಿದ ಹಾಗಿದೆ" ಎಂದರು. ತಾವು, "ನೆಲ ಸರಿಯಿಲ್ಲ ಕಣ್ರೀ. ಪೂರ್ತಿ ತುಂಬಿಸಿ, ಗೆರೆನೇ ಕಾಣಲ್ಲ" ಎಂದಿರಿ. ಜವಾನ, "ತುಂಬಿಸ್ಬೋದು ಸಾರ್. ಆ ಕಡೆ ತುಂಬೋ ಹೊತ್ತಿಗೆ ಈ ಕಡೆ ಚೆಲ್ಲುತ್ತೆ" ಎಂದ. ತುಂಬಿಸಲಾಯಿತು. ಚೆಲ್ಲಿತು.

೩. ಪ್ರಮಾಣಗಳಲ್ಲಿ ಪ್ರತ್ಯಕ್ಷವೇ ಜ್ಯೇಷ್ಠವೆಂದು ನಾನು ಆಯುಷ್ಯವೆಲ್ಲ ಪಾಠ ಹೇಳಿಕೊಂಡು ಬಂದಿದ್ದೇನೆ. ನಮ್ಮ ಆಲಯದಲ್ಲಿ ಆಪ್ತವಾಕ್ಯವೇ ಹಿರಿದು, ಆಪ್ತರೆಂದರೆ ಸಂಬಳದ ಪಟ್ಟಿಗೆ ಸಹಿ ಹಾಕುವವರು ಎಂಬುದು ಅಂದು ಸ್ಥಾಪಿತವಾಯಿತು. ಗಾರೆಯವನೊಬ್ಬನಿಂದ ತರಿಸಿದ ರಸಮಟ್ಟದ ಗುಳ್ಳೆಯು ತಮ್ಮ ಅಭಿಪ್ರಾಯಕ್ಕೆ ವಿರುದ್ಧವಾಗಿ ಸರಿದದ್ದರಿಂದ ಅದನ್ನು ಹಿಂದಿರುಗಿಸಲಾಯಿತು.

೪. ಆಮೇಲೆ ತಾವು ಮೋಟುಗಾಲಿನಡಿ ಒತ್ತು ಕೊಡಲು ಏನಾದರೂ ಸಿಕ್ಕೀತೇ ಎಂದು ನನ್ನ ಮೇಜಿನತ್ತ ಕೈಚಾಚಿದಿರಿ.

"ಇದು ಯಾರ ಬುಕ್ಕು? ದಪ್ಪ ಸರಿಯಾಗಿದೆ."

"ನನ್ನದು. ಕೈಬರಹ. ಬೇರೆ ಪ್ರತಿ ಇಲ್ಲ."

"ಒಳ್ಳೇದಾಯ್ತು ಬಿಡಿ. ಹೊರಗಿನವರದಾಗಿದ್ರೆ ಕೇಳ್ಬೇಕಾಗ್ತಿತ್ತು."

ಯೌವನದಲ್ಲಿ ಆರಂಭಿಸಿ ಮೊನ್ನೆಯಷ್ಟೇ ಮಂಗಳ ಹಾಡಿದ ಭಾಷ್ಯವದು. ಮೊದಲ ಸಂಪುಟ ತೆಳ್ಳಗಿದ್ದ ಕಾರಣ ಪಾರಾಯಿತು. ಗ್ರಂಥ ಬೆಳೆದೀತೆಂದು ಪೂರ್ವಸೂರಿಗಳು ಏಕೆ ಅಂಜುತ್ತಿದ್ದರೆಂಬುದು ನನಗೆ ಆ ಗಳಿಗೆಯಲ್ಲಿ ವಿಶದವಾಯಿತು.

೫. ತುಂಬಿದ ತೊಟ್ಟಿಯ ಪಕ್ಕದಲ್ಲಿ ಯಾರು ನಡೆದರೂ ನೀರು ತುಳುಕಿ, ಸದರಿ ಕಾಲಿನ ಗುಂಟ ಇಳಿದು, ಸದರಿ ಸಂಪುಟವನ್ನು ಸೇರುತ್ತಿದೆ. ನೆನೆದ ಗ್ರಂಥ ಕುಗ್ಗಿದಷ್ಟೂ ತೊಟ್ಟಿ ವಾಲುತ್ತದೆ. ವಾಲಿದಷ್ಟೂ ಗ್ರಂಥ ನೆನೆಯುತ್ತದೆ. ಇದನ್ನು ನಾವು ಅನ್ಯೋನ್ಯಾಶ್ರಯ ದೋಷವೆನ್ನುತ್ತೇವೆ. ಎರಡು ಬಾರಿ ನಿವೇದಿಸಿಕೊಂಡೆ. ಉಲ್ಲೇಖಿತ ಆದೇಶಗಳು ಬಂದವು. ನೀರು ಖಾಲಿ ಮಾಡಿದರೆ ಸ್ಟ್ಯಾಂಡು ಸೊಟ್ಟವೆಂದು ಒಪ್ಪಿದಂತಾಗುವುದೆಂಬ ತಮ್ಮ ಸಂಕಟವನ್ನು ನಾನು ಬಲ್ಲೆ. ಆದರೆ ನಿನ್ನೆ ಈ ಅರ್ಜಿಯ ಕರಡನ್ನು ನೋಡಿದ ನನ್ನ ಮನೆಯಾಕೆ, "ಮಗು ನೀರಿಗೆ ಬಿದ್ರೂ ಅರ್ಜಿ ಬರೀತಾ ಕೂರ್ತೀರೇನ್ರೀ?" ಎಂದಳು. ಈ ಆಕ್ಷೇಪಕ್ಕೆ ನಾನು ಓದಿದ ಯಾವ ಶಾಸ್ತ್ರದಲ್ಲೂ ಸಮಾಧಾನ ದೊರೆಯಲಿಲ್ಲ.

೬. ಕಾರಣ, ಇಂದು ಮುಂಜಾನೆ ತಾವು ಬರುವ ಮೊದಲೇ ಜವಾನನ ಪೈಪಿನ ನೆರವಿನಿಂದ ತೊಟ್ಟಿಯನ್ನು ಬರಿದುಮಾಡಿ ಸಂಪುಟವನ್ನು ಎತ್ತಿಕೊಂಡಿದ್ದೇನೆ. "ನನ್ ಹೆಸರು ಬರೀಬೇಡಿ ಪಂಡಿತ್ರೇ" ಎಂದು ಅವನು ಕೇಳಿಕೊಂಡದ್ದರಿಂದ ಬರೆದಿಲ್ಲ. ಕೊನೆಯ ಅಧ್ಯಾಯದಲ್ಲಿ ಎದುರಾಳಿಯ ಆಕ್ಷೇಪಗಳೆಲ್ಲ ಉಳಿದಿವೆ. ಬೇರೊಂದು ಶಾಯಿಯಲ್ಲಿ ಬರೆದಿದ್ದ ನನ್ನ ಸಮಾಧಾನಗಳು ಕರಗಿವೆ. ಇದ್ದಂತೆಯೇ ಅಚ್ಚಾದರೆ, ಮೂಲಗ್ರಂಥದ ಯಾವ ಆಚಾರ್ಯರನ್ನು ಎತ್ತಿಹಿಡಿಯಲು ಹೊರಟೆನೋ ಅವರನ್ನೇ ಮಣ್ಣುಮುಕ್ಕಿಸಿದ ಪಾಪ ನನ್ನದಾಗುತ್ತದೆ. ಆ ಅಧ್ಯಾಯವನ್ನು ಮತ್ತೆ ಬರೆಯಬೇಕಾಗಿದೆ. ಕಣ್ಣು ಮೊದಲಿನಂತಿಲ್ಲ.

೭. ತೆರವಾದ ಸ್ಥಾನಕ್ಕೆ ತಮ್ಮ ಭಾಷಣಸಂಗ್ರಹವನ್ನು ಪ್ರಭಾರದ ಮೇಲೆ ನಿಯೋಜಿಸಲಾಗಿದೆ. ದಪ್ಪ ಹೊಂದುತ್ತದೆ. ಒದ್ದೆಯಾದರೂ ಅರ್ಥಹಾನಿಯ ಸಂಭವವಿಲ್ಲ.

ಆದ್ದರಿಂದ ಮೇಲ್ಕಂಡ ಕೃತ್ಯಕ್ಕೆ ಘಟನೋತ್ತರ ಮಂಜೂರಾತಿಯನ್ನೂ, ಅಧ್ಯಾಯವನ್ನು ಪುನಃ ರಚಿಸಲು ರಜೆಯನ್ನೂ ದಯಪಾಲಿಸಬೇಕೆಂದು ಪ್ರಾರ್ಥಿಸುತ್ತೇನೆ. ಶಿಸ್ತುಕ್ರಮವೇ ಉಚಿತವೆಂದು ತೋರಿದಲ್ಲಿ ಅಮಾನತ್ತಿನ ಅವಧಿಯೂ ಬರವಣಿಗೆಗೆ ಅನುಕೂಲವೇ.

ತಮ್ಮ ಹಾಗೂ ಪ್ರತ್ಯಕ್ಷ ಪ್ರಮಾಣದ ವಿಶ್ವಾಸಿ,
(ಸಹಿ)

ಲಗತ್ತುಗಳು:
೧. ಒದ್ದೆ ಪುಟ ಒಂದು, ಮಾದರಿಗಾಗಿ. ಫ್ಯಾನಿನ ಕೆಳಗಿಟ್ಟು ಹಿಂದಿರುಗಿಸುವುದು.
೨. ಮೀನುಗಳು, ಬಕೆಟ್ಟಿನಲ್ಲಿ, ತಮ್ಮ ಬಾಗಿಲ ಮುಂದೆ. ಇವಕ್ಕೆ ಸ್ವೀಕೃತಿ ಪತ್ರದ ಅಗತ್ಯವಿಲ್ಲ. ಬೆಳಗಿನಿಂದ ಏನೂ ತಿಂದಿಲ್ಲವಾದ್ದರಿಂದ ಕಡತ ತೆರೆಯುವ ಮೊದಲು ಅವಕ್ಕೆ ಆಹಾರ ಹಾಕುವುದು.