ಕಾರಿಗೆ ಕಾಲು ಕಲಿಸಿದ್ದು

ಆಯುಧಪೂಜೆಯ ಹಿಂದಿನ ದಿನ ಹಂಸ ತನ್ನ ಕಾರಿನ ಬಾನೆಟ್ಟು ಎತ್ತಿ ಇಂಜಿನ್ನಿಗೆ ಪೈಪಿನಲ್ಲಿ ನೀರು ಬಿಟ್ಟದ್ದೇ ಎಲ್ಲಕ್ಕೂ ಮೂಲ. ಬಿಡಲು ಹೇಳಿದವರು ಎದುರು ಮನೆಯ ಬೈಲಪ್ಪ, ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. "ಮೈ ತೊಳ್ದು ಹೊಟ್ಟೆ ತೊಳೀದೆ ಪೂಜೆ ಮಾಡಿದ್ರೆ ಏನ್ ಬಂತಮ್ಮಾ? ಬಿಡು ನೀರು," ಎಂದಿದ್ದರು. ನೀರು ಹೋಗಬಾರದಂಥ ಡಬ್ಬಿ ಅಲ್ಲಿ ಇದ್ದದ್ದು ಒಂದೇ, ಇಂಜಿನ್ನಿನ ಕಂಪ್ಯೂಟರು. ನೀರು ವಿಳಾಸ ಹಿಡಿದು ಬಂದ ನೆಂಟರ ಹಾಗೆ ನೇರ ಅದರೊಳಗೇ ಹೋಗಿ ಕೂತಿತು. ಮರುದಿನ ಕುಂಬಳಕಾಯಿ ಒಡೆದ ಮೇಲೂ ಕಾರು ಸ್ಟಾರ್ಟ್ ಆಗಲಿಲ್ಲ.

ಶಿವಾಜಿನಗರದ ಮೆಕ್ಯಾನಿಕ್ ಅಹ್ಮದ್ ಪಾಷಾ ಕಾರನ್ನು ತನ್ನ ಗ್ಯಾರೇಜಿಗೆ ಎಳೆಸಿಕೊಂಡು ಹೋಗಿ, ಗುಜರಿಯಲ್ಲಿ ಅದೇ ಮಾಡೆಲ್ಲಿನ ಕಂಪ್ಯೂಟರ್ ಹುಡುಕಿ ಹಾಕಿಕೊಟ್ಟ. ಕಾರು ಸ್ಟಾರ್ಟ್ ಆಯಿತು, ಆದರೆ ಗೇರಿಗೆ ಗ್ರಹಚಾರ ಹಿಡಿಯಿತು. ಆಟೋಮ್ಯಾಟಿಕ್ ಗಾಡಿಯಾದ್ದರಿಂದ ಗೇರು ತಾನಾಗಿಯೇ ಬದಲಾಗಬೇಕು. ಈಗ ಬದಲಾಗುವಾಗೆಲ್ಲ ಕಾರು ಬಿಕ್ಕಳಿಸುತ್ತಿತ್ತು. ಹಲಸೂರು ದಾಟುವಷ್ಟರಲ್ಲಿ ಮುನಿಸಿಕೊಂಡು ಮೂರನೇ ಗೇರಿನಲ್ಲಿ ಕೂತದ್ದು, ಜೀವನ್ ಬಿಮಾ ನಗರದ ಮನೆ ಬರುವವರೆಗೂ ಏಳಲಿಲ್ಲ.

ಹಂಸಳಿಗೆ ಐವತ್ತೊಂದು ವರ್ಷ. ಕಾಲೇಜೊಂದರಲ್ಲಿ ಲೈಬ್ರರಿ ನೋಡಿಕೊಳ್ಳುತ್ತಾಳೆ. ಹುಟ್ಟಿದಾಗಿನಿಂದ ಅವಳು ಎಲ್ಲಿಗೂ ಒಬ್ಬಳೇ ಹೋದದ್ದಿಲ್ಲ. ಯಾರದೋ ಸ್ಕೂಟರಿನ ಹಿಂದೆ, ಯಾರದೋ ಕಾರಿನ ನಡುವಿನ ಸೀಟಿನಲ್ಲಿ, ಯಾರದೋ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಓಡಾಡಿದವಳು. ವಾರಕ್ಕೊಂದು ದಿನ, ಭಾನುವಾರ, ಒಬ್ಬಳೇ ಮಾತಿಲ್ಲದೆ ಎಲ್ಲಿಗಾದರೂ ಹೋಗಿ ಬರಬೇಕೆಂದೇ ಈ ಹಳೆಯ ಕಾರು ಕೊಂಡಿದ್ದಳು. ಕಾರು ಕೆಟ್ಟ ಸುದ್ದಿ ಕೇಳಿದ್ದೇ ರಾಮಮೂರ್ತಿ ನಗರದ ಅಣ್ಣ ಕೆಂಪರಾಜ್ ಫೋನ್ ಮಾಡಿದ.

"ನೋಡೇ ಹಂಸ, ಭಾನುವಾರ ಸಂಜೆ ಆರರೊಳಗೆ ನೀನೇ ಓಡಿಸ್ಕೊಂಡು ನಮ್ಮನೆ ಗೇಟಿಗೆ ಬಾ. ಆಗ್ಲಿಲ್ವಾ, ಗಾಡಿ ನಂಗೆ ಬಿಟ್ಟು ಸುಮ್ನೆ ಆಟೋದಲ್ಲಿ ಓಡಾಡು."

"ಬರ್ತೀನಿ. ಬಂದ್ರೆ ಮತ್ತೆ ಕಾರಿನ ಮಾತೆತ್ತಬಾರ್ದು ನೀನು," ಎಂದುಬಿಟ್ಟಳು ಹಂಸ.

ಭಾನುವಾರ ಮಧ್ಯಾಹ್ನ ಪಾಷಾ ಒಂದು ಸಣ್ಣ ಯಂತ್ರ ತಂದು ಸ್ಟೇರಿಂಗ್ ಕೆಳಗೆ ಸಿಕ್ಕಿಸಿದ.

"ಫಿಕರ್ ಮಾಡ್ಬೇಡಿ ಮೇಡಂ. ಈ ಕಂಪ್ಯೂಟರ್ ಬೇರೆಯವ್ರ ಗಾಡೀಲಿ ಇದ್ದಿದ್ದು. ಅದಕ್ಕೆ ಹಳೇ ಓನರ್ ಕಾಲೇ ಇನ್ನೂ ಯಾದ್ ಇದೆ. ಆ ನೆನಪೆಲ್ಲ ಅಳಿಸ್ಬಿಟ್ಟೆ. ಈಗ ಗಾಡಿ ನಿಮ್ಮ ಕಾಲು ಕಲೀಬೇಕು."

"ಕಲಿಯೋದಾ? ಹೇಗೆ?"

"ಹತ್ತು ನಿಮಿಷ ಇಂಜಿನ್ ಆನ್ ಇಟ್ಟು ಸುಮ್ನೆ ಕೂತ್ಕೊಳ್ಳಿ. ಎಸಿ ಬೇಡ, ರೇಡಿಯೋ ಬೇಡ, ಬಾಗಿಲೂ ತೆಗೀಬೇಡಿ. ತೆಗೆದ್ರೆ ಮತ್ತೆ ಮೊದ್ಲಿಂದ. ಆಮೇಲೆ ಮೂವತ್ತು ಕಿಲೋಮೀಟರ್, ನಿಮ್ಮ ಕಾಲೇ, ಮೆತ್ತಗೆ. ಬೇರೆ ಯಾರ ಕಾಲೂ ಬೀಳ್ಬಾರ್ದು."

ಪಾಷಾ ಹೋದ. ಹಂಸ ಗಾಜು ಏರಿಸಿ, ಇಂಜಿನ್ ಹಾಕಿ, ಉಸಿರನ್ನೂ ಅಳೆದು ಬಿಡುತ್ತ ಕೂತಳು. ನಾಲ್ಕನೇ ನಿಮಿಷಕ್ಕೆ ಬೈಲಪ್ಪ ಬಾಗಿಲು ತೆಗೆದರು. "ಏನಮ್ಮಾ, ಗಾಡಿ ಹೊರಡ್ತಾನೇ ಇಲ್ಲ?"

ಮತ್ತೆ ಮೊದಲಿಂದ. ಸೆಕೆ ತಡೆಯದೆ ಕಣ್ಣು ಮುಚ್ಚಿದಳು. ಏಳನೇ ನಿಮಿಷಕ್ಕೆ ಪಕ್ಕದ ಮನೆಯ ಮಾರಿಯಾ ಆಂಟಿ ಗಾಜು ಬಡಿಯತೊಡಗಿದರು. "ಅಯ್ಯೋ ಜೀಸಸ್! ಹಂಸ ಮಾ, ಕಣ್ ತೆಗಿ ಮಾ! ಯಾರಾದ್ರೂ ಬನ್ನಿ, ಉಸ್ರು ಕಟ್ಟಿ ಬಿದ್ದಿದಾಳೆ!" ಹಂಸ ಏನೆಂದು ಹೇಳುವ ಮುಂಚೆಯೇ ಬಾಗಿಲು ತೆರೆದು, ಒಂದು ಚೊಂಬು ನೀರು ಅವಳ ಮುಖಕ್ಕೆ ಬಿತ್ತು.

ಮೂರನೇ ಸಲ ಹಂಸ ಒದ್ದೆ ತಲೆಯಲ್ಲೇ ರಟ್ಟಿನ ಮೇಲೆ ದುಂಡಗೆ ಬರೆದು ಗಾಜಿಗೆ ಅಂಟಿಸಿದಳು: 'ದಯವಿಟ್ಟು ಮುಟ್ಟಬೇಡಿ. ಕಲಿಯುತ್ತಿದೆ.'

ಓದಲು ಅರ್ಧ ಬೀದಿ ನೆರೆಯಿತು. ಬೈಲಪ್ಪ ಕನ್ನಡಕ ಏರಿಸಿ ಎರಡು ಸಲ ಓದಿದರು.

"ಏನ್ ಮಾರಿಯಮ್ಮಾ ಇದು? 'ಕಲಿಯುತ್ತಿದ್ದಾಳೆ' ಅಂತ ತಾನೆ ಬರೀಬೇಕು? ಲೈಬ್ರರಿಯೋರೇ ಹಿಂಗೆ ತಪ್ಪು ಬರೆದ್ರೆ ಹೆಂಗೆ?"

"ಪಾಪ, ಟೆನ್ಷನ್ ಅವಳಿಗೆ."

ಒಳಗೆ ಕೂತ ಹಂಸಳಿಗೆ ಎಲ್ಲ ಕೇಳಿಸುತ್ತಿತ್ತು. ತಿದ್ದಲು ಬಾಗಿಲು ತೆಗೆಯುವಂತಿಲ್ಲ. ಬೈಲಪ್ಪ ಮನೆಗೆ ಹೋಗಿ ಕೆಂಪು ಬಣ್ಣದಲ್ಲಿ ಬರೆದ 'ಎಲ್' ಬೋರ್ಡು ತಂದು ಕಾರಿನ ಹಿಂದೆ ಅಂಟಿಸಿ, ವ್ಯಾಕರಣದೋಷವನ್ನು ಪರಿಹರಿಸಿದರು.

ಹತ್ತು ನಿಮಿಷ ಮುಗಿದಾಗ ಗಂಟೆ ಮೂರೂವರೆ. ಬಾಗಿಲಿನ ಬೀಗ ತೆಗೆದದ್ದೇ ತಡ, ಬೈಲಪ್ಪ ಎಡಗಡೆ ಸೀಟಿನಲ್ಲಿದ್ದರು.

"ನಾನು ಒಬ್ಬಳೇ ಹೋಗ್ತೀನಿ ಅಂಕಲ್."

"ಹೋಗಮ್ಮಾ, ಯಾರು ಬೇಡ ಅಂದ್ರು? ನಾನ್ ಮುಟ್ಟಲ್ಲ. ಬರೀ ಕೂತಿರ್ತೀನಿ."

ಕೂತಿದ್ದರು ನಿಜ. ಆದರೆ ಬಸ್ ಸ್ಟಾಪು ಕಂಡಾಗಲೆಲ್ಲ ಅವರ ಬಲಗಾಲು ಇಲ್ಲದ ಬ್ರೇಕನ್ನು ತುಳಿಯುತ್ತಿತ್ತು, ಬಾಯಿ "ಸ್ಟಾಪ್ ಬಂತು, ಸ್ಟಾಪ್ ಬಂತು" ಎನ್ನುತ್ತಿತ್ತು. ಬೆಚ್ಚಿ ಹಂಸಳೂ ತುಳಿಯುತ್ತಿದ್ದಳು. ಮೂವತ್ತು ಕಿಲೋಮೀಟರ್ ತುಂಬಿಸಲು ಸಿ.ವಿ. ರಾಮನ್ ನಗರಕ್ಕೆ ಸುತ್ತು ಹಾಕಿದ್ದೇ ಹಾಕಿದ್ದು. ನಾಲ್ಕನೇ ಸುತ್ತಿಗೆ ಬೋಂಡಾ ಅಂಗಡಿಯವನು ಪರಿಚಯದವರೆಂಬಂತೆ ಕೈ ಬೀಸಿದ. ಮುದ್ದೆಗೆ ಹಿಟ್ಟು ಉದುರಿಸುವಷ್ಟು ಹದವಾಗಿ ಹಂಸ ಪೆಡಲನ್ನು ಒತ್ತುತ್ತಿದ್ದಳು. ಆಟೋದವನೊಬ್ಬ ತಲೆ ಹೊರಹಾಕಿ ಕೂಗಿದ: "ಮೇಡಂ, ಹಿಂದೆ ನಡ್ಕೊಂಡ್ ಬರೋರು ಸೈಡ್ ಕೇಳ್ತಾವ್ರೆ!"

ಆದರೂ ಆಶ್ಚರ್ಯ. ಹತ್ತನೇ ಕಿಲೋಮೀಟರಿಗೆ ಬಿಕ್ಕಳಿಕೆ ಕಡಿಮೆಯಾಯಿತು. ಇಪ್ಪತ್ತಕ್ಕೆ ನಿಂತೇಹೋಯಿತು. ಮೂವತ್ತು ಮುಗಿಯುವ ಹೊತ್ತಿಗೆ ಗೇರು ಯಾವಾಗ ಬದಲಾಯಿತೆಂಬುದೇ ತಿಳಿಯದ ಹಾಗೆ ಕಾರು ಬೆಣ್ಣೆಯಾಗಿತ್ತು. ಆರಕ್ಕೆ ಎಂಟು ನಿಮಿಷವಿರುವಾಗ ಹಂಸ ಕೆಂಪರಾಜ್‌ನ ಗೇಟಿನ ಮುಂದೆ ಬ್ರೇಕು ಹಾಕಿದಳು.

ಕೆಂಪರಾಜ್‌ಗೆ ನಂಬಿಕೆ ಬರಲಿಲ್ಲ. "ಎಲ್ಲಿ, ಒಂದು ರೌಂಡ್ ಹೊಡೀತೀನಿ," ಎಂದು ಕೀ ಕಿತ್ತುಕೊಂಡು ಹೋದ. ನಡೆದು ಹೋದವರು ಬರುವಷ್ಟು ಹೊತ್ತು ಬಿಟ್ಟು ಬೆವರುತ್ತ ಬಂದ.

"ಏನೇ ಇದು! ಎಷ್ಟ್ ತುಳಿದ್ರೂ ಇಪ್ಪತ್ತೈದು ದಾಟಲ್ಲ. ತುಳಿದ್ರೆ ಯೋಚ್ನೆ ಮಾಡುತ್ತೆ, 'ಹೋಗ್ಲಾ, ಬೇಡ್ವಾ' ಅಂತ. ಥೇಟ್ ನೀನೇ! ಥೂ, ಎತ್ತಿನ ಗಾಡಿ! ನೀನೇ ಇಟ್ಕೋ, ನಂಗ್ ಬೇಡ."

ಹಂಸ ಕೀ ಇಸಿದುಕೊಂಡಳು. ಇಷ್ಟು ಚೆನ್ನಾದ ಬೈಗುಳ ಜನ್ಮದಲ್ಲೇ ಅವಳ ಕಿವಿಗೆ ಬಿದ್ದಿರಲಿಲ್ಲ. ಮುಂದಿನ ಭಾನುವಾರ ಒಬ್ಬಳೇ ಎಲ್ಲಿಗೆ ಹೋಗಲಿ ಎಂದು ಆಗಲೇ ಮನಸ್ಸು ಪಟ್ಟಿ ಮಾಡತೊಡಗಿತ್ತು.

ಆಗ ಜಗಲಿಯಿಂದ ಎಂಬತ್ತರ ಸೋದರತ್ತೆ ಪಿಳ್ಳಮ್ಮನ ದನಿ ಬಂತು. ಕಾರು ಹತ್ತಿದರೆ ವಾಂತಿ, ಬಸ್ಸು ಹತ್ತಿದರೆ ತಲೆಸುತ್ತು ಎಂದು ಏಳು ವರ್ಷದಿಂದ ಗೇಟು ದಾಟದವರು.

"ಏನಂದ್ಯೋ ಕೆಂಪ? ಎತ್ತಿನ ಗಾಡಿನಾ?"

"ಹೂಂ ಅತ್ತೆ. ಅದಕ್ಕಿಂತ ಕಡೆ."

"ಹಂಗಾದ್ರೆ ನಾನ್ ಹತ್ತೀನಿ."

ಹತ್ತಿಯೇ ಬಿಟ್ಟರು. ಹಂಸ ಒಂದು ಸುತ್ತು ಹಾಕಿಸಿದಳು. ವಾಂತಿಯಿಲ್ಲ, ತಲೆಸುತ್ತಿಲ್ಲ. ಎರಡನೇ ತಿರುವಿನಲ್ಲಿ ಪಿಳ್ಳಮ್ಮ ಗೊರಕೆ ಹೊಡೆಯುತ್ತಿದ್ದರು. ಎದ್ದವರೇ ಬೆರಳು ಮಡಿಸತೊಡಗಿದರು.

"ಬರೋ ಬಾನುವಾರ ಕೆ.ಆರ್. ಪುರದ ತಂಗಿ ಮನೆ. ಅದರಾಚೆದು ಹಲಸೂರಿನ ಬೀಗರು. ಅದರಾಚೆದು ದೊಡ್ಡಮ್ಮನ ಮೊಮ್ಮಗಳು. ಏಳ್ ವರ್ಸದ್ದು ಬಾಕಿ ಅವೆ ಕಣೇ ಕೂಸೆ!"

"ಧಾರಾಳವಾಗಿ ಅತ್ತೆ! ಹಂಸ ಕರ್ಕೊಂಡ್ ಹೋಗ್ತಾಳೆ," ಎಂದ ಕೆಂಪರಾಜ್, ತನ್ನ ತಲೆಯ ಮೇಲಿಂದ ಮೂಟೆ ಇಳಿದವನಂತೆ.

"ಮುಂದಿನ ಸೀಟು ನಂದೇ," ಎಂದರು ಬೈಲಪ್ಪ.

ಹಂಸ ಪಕ್ಕಕ್ಕೆ ಸರಿದು, ಪಿಸುದನಿಯಲ್ಲಿ ಪಾಷಾಗೆ ಫೋನ್ ಮಾಡಿದಳು. "ಪಾಷಾ ಅವ್ರೇ, ಗಾಡಿ ಕಲಿತಿರೋದನ್ನ ಮರೆಸೋಕಾಗುತ್ತಾ? ಸ್ವಲ್ಪ ಜೋರಾಗಿ ಓಡೋ ಹಾಗೆ?"

"ಅಳಿಸೋದು ಐದು ನಿಮಿಷದ ಕೆಲ್ಸ ಮೇಡಂ," ಎಂದ ಪಾಷಾ. "ಆದ್ರೆ ಆಮೇಲೆ ಕಲಿಸೋ ಕಾಲು ಅದೇ ಅಲ್ವಾ?"

ಹಂಸ ತಲೆ ಬಗ್ಗಿಸಿ ತನ್ನ ಬಲಗಾಲನ್ನು ನೋಡಿಕೊಂಡಳು.