ತಕ್ಕಡಿಯ ಮುಂದೆ ಹಬ್ಬದೂಟ

ನಮ್ಮ ಕೆಲಸಕ್ಕೆ ನಿಯಮ ಒಂದೇ: ತೂಗುವವನು ಬಂದ ದಿನವೂ ಮನೆಯವರು ದಿನಾ ಬೇಯಿಸುವುದನ್ನೇ ಬೇಯಿಸಬೇಕು. ಎರಡನೇ ಮಹಾಯುದ್ಧ ಮುಗಿದ ಹೊಸತರಲ್ಲಿ ಹೊಸೂರು, ಕೃಷ್ಣಗಿರಿ ಸೀಮೆಯಲ್ಲಿ ಮನೆಮನೆಯ ಊಟ ತೂಗಿ ಬರೆಯಲು ತಕ್ಕಡಿ ಹಿಡಿದು ಅಲೆದವನು ನಾನು. ಈ ನಿಯಮವನ್ನು ಪ್ರತಿ ಹೊಸ್ತಿಲಲ್ಲೂ ಹೇಳಿದೆ. ಹೆಚ್ಚುಕಡಿಮೆ ಪ್ರತಿ ಒಲೆಯ ಮೇಲೂ ಅದು ಮುರಿಯುವುದನ್ನು ನೋಡಿದೆ.

ಓದು ಮತ್ತು ಮದುವೆ

ಮದರಾಸಿನಲ್ಲಿ ಪೌಷ್ಟಿಕ ಆಹಾರದ ಶಾಸ್ತ್ರ ಓದಿ ಬಂದವನಿಗೆ ಕೃಷ್ಣಗಿರಿಯ ಮಾವಿನ ಮಂಡಿ ಯಜಮಾನರೊಬ್ಬರ ಮಗಳ ಪ್ರಸ್ತಾಪ ಬಂತು. ಈ ಓದಿಗೆ ಏನು ಕೆಲಸ ಎಂದು ಅವರು ಕೇಳಿದರು. ಆಸ್ಪತ್ರೆ, ಜೈಲು, ಪಟಾಲಂ, ಎಲ್ಲ ಕಡೆಯ ಅಡುಗೆಮನೆಗೂ ನಮ್ಮವರು ಬೇಕು. ಸದ್ಯಕ್ಕೆ ನಾನು ಹಳ್ಳಿಗಳಲ್ಲಿ ಜನ ತಿನ್ನುವುದನ್ನು ತೂಗುತ್ತೇನೆ ಎಂದೆ. ಅವರು ಸಮಾಧಾನವಾಗಿ ಕೇಳಿ ಹೇಳಿದರು:

"ನಮ್ಮ ಮಂಡಿಯಾಗೆ ತೂಗೋನು ಓದೇ ಇಲ್ಲ ಕಣಪ್ಪ. ಅವನಿಗೆ ಹೋದ ವರ್ಷವೇ ಮದುವೆ ಆಯ್ತು."

ಮೂತಿ ಒಡೆದ ಗಡಿಗೆ

ಜವಳಗಿರಿ ಕಡೆಯ ಒಂದು ಹಳ್ಳಿ. ಅಲ್ಲಿನ ಮಕ್ಕಳಿಗೆ ಸರ್ಕಾರ ಹಾಲಿನ ಪುಡಿ ಕೊಡುವುದೋ ಬಿಡುವುದೋ ನಾನು ತೂಗಿದ ಲೆಕ್ಕದ ಮೇಲೆ ನಿಂತಿತ್ತು. ಕಡ್ಡಿ ಕಾಲು, ಉಬ್ಬಿದ ಹೊಟ್ಟೆ. ಆ ಮಕ್ಕಳನ್ನು ನೋಡಿದವರಿಗೆ ತಕ್ಕಡಿಯೇ ಬೇಕಿರಲಿಲ್ಲ. ಆದರೆ ಮೊದಲ ಮನೆಯಲ್ಲಿ ಬಿಳಿ ಅನ್ನ, ತುಪ್ಪ. ಎರಡನೆಯದರಲ್ಲೂ ಅದೇ. ಮೂರನೆಯದರಲ್ಲಿ ತುಪ್ಪದ ಗಡಿಗೆಯ ಒಡೆದ ಮೂತಿಯನ್ನು ಗುರುತು ಹಿಡಿದೆ. ಇದು ಪಕ್ಕದ ಮನೆಯದಲ್ಲವೇ ಎಂದು ಗದರಿದೆ.

ಮನೆಯಾಕೆ ಒಂದಿಷ್ಟೂ ಅಳುಕಲಿಲ್ಲ. "ಅವರದು ತೂಗಿ ಆಯ್ತಲ್ಲ ಸಾಮಿ. ಈಗ ನಮ್ಮ ಸರದಿ."

ಗೌಡರ ಮಾತು

ನೇರ ಊರಗೌಡರ ಬಳಿ ಹೋದೆ. ಗಂಜಿ ತೋರಿಸಿದರೆ ಹಾಲು ಬರುತ್ತದೆ, ತುಪ್ಪ ತೋರಿಸಿದರೆ ಬರುವುದಿಲ್ಲ, ನಿಮ್ಮವರಿಗೆ ತಿಳಿಸಿ ಹೇಳಿ ಎಂದೆ. ಗೌಡರು ಎಲೆಯಡಿಕೆ ಉಗಿದು ಬಂದು ಕೂತರು.

"ಹಾಲು ನಾಕು ದಿನ ಬತ್ತದೆ, ನಿಂತೋಯ್ತದೆ. ಗಂಜಿ ಕುಡಿಯೋ ಊರು ಅಂತ ಸರ್ಕಾರವೇ ಬರ್ಕೊಂಡ ಮ್ಯಾಲೆ ನಮ್ಮ ಹೈಕಳಿಗೆ ಹೆಣ್ಣು ಕೊಡೋರು ಯಾರು ಸಾಮಿ?"

ಹೆಣ್ಣು ಸಿಗದ ವಿಷಯದಲ್ಲಿ ನನಗೂ ಅನುಭವವಿತ್ತು. ತಕ್ಕಡಿ ಎತ್ತಿಕೊಂಡು ಎದ್ದೆ.

ಮೇಲಧಿಕಾರಿಯ ತನಿಖೆ

ಲೆಕ್ಕವೆಲ್ಲ ಸುಳ್ಳು, ಬಂದು ನೋಡಿ ಎಂದು ಮೇಲಧಿಕಾರಿಗೆ ಬರೆದೆ. ಬಂದರು. ಗೌಡರ ಮನೆಯಲ್ಲಿ ನಾಟಿ ಕೋಳಿ ಸಾರು, ಮುದ್ದೆ ಮುಗಿಸಿ, ಬೆಲ್ಟು ಸಡಿಲಿಸಿದರು. "ಏನ್ರೀ, ಇವರು ನನಗಿಂತ ಚೆನ್ನಾಗಿ ತಿಂತಾರೆ. ಹಾಲು ನನಗೆ ಬರ್ಕೊಡಿ."

ಹಾಲಿನ ಪುಡಿ ಬೇರೆ ಊರಿಗೆ ಹೋಯಿತು. ಗೌಡರ ಮನೆಯ ಬಾಗಿಲಲ್ಲಿ ನಿಂತು ಮೇಲಧಿಕಾರಿಯ ಊಟ ನೋಡುತ್ತಿದ್ದ ಮಕ್ಕಳ ಮುಖ ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಕಡೆಯ ಮನೆ

ಅಧಿಕಾರಿ ಬರುವ ಮೊದಲು ಆ ಊರಲ್ಲಿ ನಾನು ತೂಗಿದ ಮನೆಗಳಲ್ಲಿ ನಿಯಮ ಪಾಲಿಸಿದ್ದು ಒಂದೇ, ಕಡೆಯದು. ಒಂದು ಮನೆಯಿಂದ ಊರಿನ ಊಟದ ಸರಾಸರಿ ಇಳಿಯುವುದಿಲ್ಲ, ಇಳಿಯಲೂ ಇಲ್ಲ.

ಆ ಮನೆಯಾಕೆ ಎರಡು ಮಕ್ಕಳ ತಾಯಿ. ನಾನು ತಕ್ಕಡಿ ಕಟ್ಟುವಾಗಲೇ ಪಕ್ಕದ ಮನೆಯಾಕೆ ಸೆರಗಿನಡಿ ಅದೇ ಮೂತಿ ಒಡೆದ ಗಡಿಗೆ ತಂದಳು.

"ತಕ್ಕೊಂಡ್ ಹೋಗಕ್ಕ," ಎಂದಳು ತಾಯಿ. "ನಮ್ಮ ಮನ್ಯಾಗೆ ತುಪ್ಪ ಯಾವತ್ತಿತ್ತು?"

"ಊರ ಮಾನ ಕಳೀತೀಯಲ್ಲೇ!"

"ಮಾನ ಕುಡಿದು ನನ್ನ ಮಕ್ಳು ಮಲಗ್ತಾವಾ?"

ಗಂಜಿಗೆ ಇಟ್ಟಿದ್ದ ರಾಗಿ ಹಿಟ್ಟು ತಂದು ತಟ್ಟೆಗೆ ಸುರಿದಳು. ತಕ್ಕಡಿ ಅಲುಗಿತು, ಅಷ್ಟೇ. ಇದು ಮಧ್ಯಾಹ್ನಕ್ಕಾಯಿತು, ರಾತ್ರಿಯದೂ ತೂಗಬೇಕು ಎಂದೆ, ನಿಯಮದಂತೆ.

ಆಕೆ ಒಳಗೆ ಹೋದಳು. ಖಾಲಿ ಮಡಕೆ ತಂದು ತಕ್ಕಡಿಯ ಮೇಲಿಟ್ಟಳು.

"ತೂಗಿ ಸಾಮಿ."